ಮೂರು ಸಾವಿರ ತಲೆಗೊಂದು ಉಪಕೇಂದ್ರ

ಆರೋಗ್ಯ ಉಪಕೇಂದ್ರದ ಗೋಡೆ ಮೇಲೆ ಒಂದು ಬೋರ್ಡ್ ಇರುತ್ತದೆ, ನೀವೂ ನೋಡಿರುತ್ತೀರಿ. ವ್ಯಾಪ್ತಿಗೆ ಬರುವ ಊರುಗಳು, ಒಂದೊಂದರ ಜನಸಂಖ್ಯೆ, ಅರ್ಹ ದಂಪತಿಗಳು (ಮಕ್ಕಳಾಗುವ ವಯಸ್ಸಿನ ಗಂಡಹೆಂಡಿರು), ಗರ್ಭಿಣಿಯರು, ಒಂದು ವರ್ಷದೊಳಗಿನ ಮಕ್ಕಳು, ಕೇಂದ್ರದಿಂದ ಇರುವ ದೂರ. ನನ್ನಮ್ಮ ಯಳಂದೂರು ಕಡೆ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಬಹಳ ವರ್ಷ ಎಎನ್‌ಎಂ, ಅಂದರೆ ಉಪಕೇಂದ್ರದ ನರ್ಸಮ್ಮ ಆಗಿದ್ದವಳು. ಕ್ವಾರ್ಟರ್ಸು ಉಪಕೇಂದ್ರದ ಬೆನ್ನಿಗೇ ಅಂಟಿಕೊಂಡಿತ್ತು. ನಾನು ಅಕ್ಷರ ಕೂಡಿಸಿ ಓದಲು ಕಲಿತಿದ್ದೇ ಆ ಬೋರ್ಡಿನ ಮುಂದೆ ನಿಂತು ಎಂದು ಮನೆಯಲ್ಲಿ ಈಗಲೂ ನಗುತ್ತಾರೆ. ಅರ್ಹ ದಂಪತಿ ಅಂದರೆ ಯಾರು ಎಂದು ಬಂದಬಂದವರನ್ನೆಲ್ಲ ಕೇಳುತ್ತಿದ್ದೆನಂತೆ. ಈಚೆಗೆ ಆ ದಾರಿಯಲ್ಲಿ ಹೋಗುವಾಗ ಗಾಡಿ ನಿಲ್ಲಿಸಿ ನೋಡಿದೆ. ಕಟ್ಟಡಕ್ಕೆ ಸುಣ್ಣಬಣ್ಣ ಆಗಿದೆ, ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಬದಲಾಗಿದೆ, ಬೋರ್ಡ್ ಹೊಸದು. ಆದರೆ ಪಟ್ಟಿಯ ಕ್ರಮ ಹಳೆಯದೇ. ಮೊದಲು ದೊಡ್ಡ ಊರು, ಆಮೇಲೆ ಸಣ್ಣ ಊರು, ಕಟ್ಟಕಡೆಗೆ ಪೋಡುಗಳು, ಅಂದರೆ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹಟ್ಟಿಗಳು. ಪೋಡಿನ ಎದುರಿಗಿರುವ ಜನಸಂಖ್ಯೆ ನೂರರ ಆಸುಪಾಸು. ದೂರದ ಕಲಂನಲ್ಲಿ ಇಷ್ಟು ಕಿಲೋಮೀಟರು ಎಂದು ಬರೆದಿದೆ, ಊರಿಗೆ ಬರೆದ ಹಾಗೆಯೇ.

ಆ ಕಿಲೋಮೀಟರು ಅಲ್ಲಿಂದ ಈಚೆಗೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಊರಿಗೆ ಹೋಗುವ ಆರು ಕಿಲೋಮೀಟರು ಬೇರೆ, ಪೋಡಿಗೆ ಹೋಗುವ ಆರು ಕಿಲೋಮೀಟರು ಬೇರೆ. ಮೊದಲನೆಯದಕ್ಕೆ ಆಟೋ ಇದೆ. ಎರಡನೆಯದಕ್ಕೆ ಅರಣ್ಯ ಇಲಾಖೆಯ ಗೇಟಿದೆ, ಸಂಜೆ ಆರಕ್ಕೆ ಅದು ಮುಚ್ಚುತ್ತದೆ. ಗೇಟು ದಾಟಿದರೆ ಆನೆ ಇದೆ. ಮಳೆಗಾಲದಲ್ಲಿ ಹಳ್ಳ ಇದೆ. 108ಕ್ಕೆ ಫೋನ್ ಮಾಡಬೇಕೆಂದರೆ ಮೊದಲು ಸಿಗ್ನಲ್ ಸಿಗುವ ಬಂಡೆಯ ಮೇಲೆ ಹತ್ತಬೇಕು. ಅಲ್ಲಿಂದ ಮಾತಾಡಿದವನಿಗೆ ಆ ಕಡೆಯಿಂದ ಕೇಳುವ ಮೊದಲ ಪ್ರಶ್ನೆ, 'ಲ್ಯಾಂಡ್‌ಮಾರ್ಕ್ ಹೇಳಿ ಸಾರ್.' ಮಲೆ ಮಹದೇಶ್ವರ ಬೆಟ್ಟದ ಕಡೆಯ ಹಳ್ಳಿಗಳಿಂದ ರೋಗಿಯನ್ನು ಡೋಲಿ ಕಟ್ಟಿ ಹೊತ್ತು ತಂದ ಫೋಟೋ ವರ್ಷಕ್ಕೊಮ್ಮೆಯಾದರೂ ಪೇಪರಿನಲ್ಲಿ ಬರುತ್ತದೆ. ಎರಡು ದಿನ ಎಲ್ಲರೂ ಮರುಗುತ್ತಾರೆ. 2024ರ ಲೋಕಸಭಾ ಚುನಾವಣೆಯ ದಿನ ಅದೇ ಬೆಟ್ಟದ ಇಂಡಿಗನತ್ತದಲ್ಲಿ ಮತಯಂತ್ರ ಒಡೆದುಹಾಕಿದಾಗಂತೂ ಆ ಊರಿಗೆ ದಾರಿ ಇಲ್ಲ, ಸೌಕರ್ಯ ಇಲ್ಲ ಎಂಬುದು ರಾಜ್ಯಕ್ಕೆಲ್ಲ ಒಂದೇ ಸಲ ಗೊತ್ತಾಯಿತು. ಅಲ್ಲಿಯ ಎಎನ್‌ಎಂಗಳಿಗೆ ಅದು ಮೊದಲೇ ಗೊತ್ತಿತ್ತು ಬಿಡಿ.

ದಾರಿ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ನನಗೆ ಕೊರೆಯುತ್ತಿರುವುದು ಅದಕ್ಕಿಂತ ಹಿಂದಿನ ಪ್ರಶ್ನೆ. ಎಲ್ಲಿ ಉಪಕೇಂದ್ರ ಇರಬೇಕು, ಎಲ್ಲಿ ನರ್ಸಮ್ಮ ಇರಬೇಕು ಎಂದು ನಿರ್ಧರಿಸುವವರ ಕೈಯಲ್ಲಿ ಇರುವ ಅಳತೆಗೋಲು ಯಾವುದು? ತಲೆ ಎಣಿಕೆ. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡು ಮತ್ತು ಆದಿವಾಸಿ ಪ್ರದೇಶದಲ್ಲಿ ಮೂರು ಸಾವಿರಕ್ಕೆ ಒಂದು. ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿ ಆದರೆ ಅಲ್ಲಿ ಮೂವತ್ತು ಸಾವಿರ, ಇಲ್ಲಿ ಇಪ್ಪತ್ತು ಸಾವಿರ. ಕೇಳಲು ಉದಾರವಾಗಿಯೇ ಇದೆ. ಆದರೆ ಬಿಳಿಗಿರಿರಂಗನ ಬೆಟ್ಟದ ಹುಲಿ ರಕ್ಷಿತಾರಣ್ಯದ ವಿಸ್ತೀರ್ಣವೇ ಸುಮಾರು 575 ಚದರ ಕಿಲೋಮೀಟರು. ಅದರ ಒಳಗೂ ಅಂಚಿಗೂ ನೂರು, ನೂರೈವತ್ತು ಜನದ ಪೋಡುಗಳು ಚದುರಿಕೊಂಡಿವೆ. ಮೂರು ಸಾವಿರ ತಲೆ ಕೂಡಿಸಬೇಕೆಂದರೆ ಎಷ್ಟು ಗುಡ್ಡ ಹತ್ತಿ ಇಳಿಯಬೇಕು, ಲೆಕ್ಕ ಹಾಕಿ. ಕೊನೆಗೆ ಆಗುವುದೇನೆಂದರೆ, ಲೆಕ್ಕ ಸರಿಹೋಗಲಿ ಎಂದು ಪೋಡುಗಳನ್ನು ತಪ್ಪಲಿನ ದೊಡ್ಡ ಊರಿನ ಬಾಲಕ್ಕೆ ಕಟ್ಟುತ್ತಾರೆ. ಉಪಕೇಂದ್ರ ಊರಿನಲ್ಲಿ, ಪೋಡು ಪಟ್ಟಿಯಲ್ಲಿ.

ಡಬ್ಬದೊಳಗಿನ ಐಸು

ತೊಂಬತ್ತರ ದಶಕದ ಮೊದಲ ವರ್ಷಗಳು. ನೆಲ್ಲಿಕಾಯಿ ಕೊಯ್ಲಿನ ಚಳಿಗಾಲ. ನನಗೆ ಶಾಲೆ ರಜೆ ಇತ್ತು, ಅಪ್ಪ ಊರಲ್ಲಿರಲಿಲ್ಲ, ನನ್ನನ್ನು ಬಿಟ್ಟುಹೋಗಲು ಯಾರೂ ಇಲ್ಲವೆಂದು ಅಮ್ಮ ಜೊತೆಗೇ ಕರೆದುಕೊಂಡು ಹೊರಟಳು. ಬೆಳಗಿನ ಬಸ್ಸಿಗೆ ಪಿಎಚ್‌ಸಿಯಿಂದ ಲಸಿಕೆ ಬಂತು. ನೀಲಿ ಡಬ್ಬ, ಹೆಗಲಿಗೆ ಹಾಕಲು ಪಟ್ಟಿ, ಒಳಗೆ ನಾಲ್ಕು ಮಗ್ಗುಲಿಗೂ ಐಸ್‌ಪ್ಯಾಕು, ನಡುವೆ ಪ್ಲಾಸ್ಟಿಕ್ ಕವರಿನಲ್ಲಿ ಸೀಸೆಗಳು. ಪೋಡಿನ ಅಜ್ಜನೊಬ್ಬ ದಾರಿ ತೋರಿಸಲು ಬಂದಿದ್ದ. ಅವನು ಮುಂದೆ, ಅಮ್ಮ ನಡುವೆ, ಅಮ್ಮನ ಸೆರಗು ಹಿಡಿದು ನಾನು. ಅರ್ಧ ದಾರಿಯಲ್ಲಿ ಅಜ್ಜ ನಿಂತ. ಹಾದಿಯ ಮೇಲೆ ಆನೆ ಲದ್ದಿ. ಬಗ್ಗಿ ಅಂಗೈ ಹತ್ತಿರ ಹಿಡಿದು, 'ಬಿಸಿ ಅದೆ ಕಣವ್ವ, ಇಲ್ಲೆ ಎಲ್ಲೋ ಅದೆ' ಎಂದ. ಬಂಡೆಯೊಂದರ ಮೇಲೆ ಹತ್ತಿ ಕೂತೆವು. ಅಜ್ಜ ಎಲೆಅಡಿಕೆ ತೆಗೆದ. ನನಗೆ ಆನೆ ಕಾಣುತ್ತದೇನೋ ಎಂಬ ಆಸೆ. ಅಮ್ಮನಿಗೆ ಆನೆಯ ಭಯಕ್ಕಿಂತ ಐಸಿನ ಭಯ. ಡಬ್ಬವನ್ನು ಬಿಸಿಲಿಗೆ ಬೀಳದಂತೆ ತೊಡೆಯ ಮೇಲಿಟ್ಟುಕೊಂಡು ಸೆರಗು ಮುಚ್ಚಿ ಕೂತಿದ್ದಳು.

ಪೋಡು ಮುಟ್ಟಿದಾಗ ಅಲ್ಲಿ ಮುದುಕಿಯರು, ನಾಯಿಗಳು, ಕೋಳಿಗಳು. ಮಿಕ್ಕವರೆಲ್ಲ ನೆಲ್ಲಿಕಾಯಿಗೆ ಹೋಗಿದ್ದಾರೆ, ಕೂಸುಗಳನ್ನೂ ಬೆನ್ನಿಗೆ ಕಟ್ಟಿಕೊಂಡು. ಆ ವಾರ ಕೊಯ್ಯದಿದ್ದರೆ ಕಾಡಿನ ಉತ್ಪನ್ನ ಕೊಳ್ಳುವ ಆದಿವಾಸಿ ಸಹಕಾರ ಸಂಘ, ಲ್ಯಾಂಪ್ಸ್ ಸೊಸೈಟಿಯಿಂದ ಬರುವ ದುಡ್ಡು ಇಲ್ಲ. ಲಸಿಕೆಯ ಕ್ಯಾಲೆಂಡರು ತಯಾರಿಸಿದವರಿಗೆ ನೆಲ್ಲಿಕಾಯಿಯ ಕ್ಯಾಲೆಂಡರು ಗೊತ್ತಿರಲಿಲ್ಲ. ಉಳಿದಿದ್ದು ಎರಡು ಕೂಸು. ಒಂದು ಹೆತ್ತು ಎರಡು ವಾರವಾದ ಬಾಣಂತಿಯದು, ಇನ್ನೊಂದು ಕಾಲುನೋವಿಗೆ ಮನೆಯಲ್ಲೇ ಉಳಿದ ಹೆಂಗಸಿನದು. ಎರಡಕ್ಕೂ ಕ್ಷಯದ ಲಸಿಕೆ ಬಿಸಿಜಿ ಆಗಬೇಕಿತ್ತು. ಬಿಸಿಜಿ ಸೀಸೆಯ ಸಂಗತಿ ಏನೆಂದರೆ ಅದು ಪುಡಿ. ನೀರು ಬೆರೆಸಿದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ, ಈಗಿನ ನಿಯಮದಲ್ಲಿ ನಾಲ್ಕು ಗಂಟೆ. ಸೀಸೆಯೊಂದರಲ್ಲಿ ಹತ್ತು ಡೋಸು. ಇಬ್ಬರಿಗೆಂದು ಒಡೆದರೆ ಮಿಕ್ಕ ಎಂಟು ಚೆಲ್ಲಬೇಕು. ಒಡೆಯದೆ ವಾಪಸು ತಂದರೆ ಎಂಟೂ ಉಳಿಯುತ್ತದೆ, ಎರಡೂ ಉಳಿಯುತ್ತದೆ, ಕೂಸಿಗೆ ಮಾತ್ರ ಏನೂ ಇಲ್ಲ.

ಅಮ್ಮ ಒಡೆದಳು. ಬಾಣಂತಿ ಗುಡಿಸಲಿನ ಬಾಗಿಲ ಹತ್ತಿರ ಬಗ್ಗಿ ಕೂತು, ಕೂಸಿನ ಎಡತೋಳು ಹಿಡಿದು, ಚರ್ಮ ಬಟಾಣಿಯಷ್ಟು ಉಬ್ಬುವ ಹಾಗೆ ಚುಚ್ಚಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಬಾಣಂತಿಯ ಅತ್ತೆ, ತಾನೇ ಹೆರಿಗೆ ಮಾಡಿಸಿದ ಸೂಲಗಿತ್ತಿ, ಪಕ್ಕದಲ್ಲಿ ನಿಂತು ಅಮ್ಮನ ಕೈಯನ್ನೇ ನೋಡುತ್ತಿದ್ದಳು. ಕುಕ್ಕರಗಾಲಿನಲ್ಲಿ ಕೂತು ಹೆರುವುದೇ ಸಲೀಸು, ನಿಮ್ಮ ಆಸ್ಪತ್ರೆಯಲ್ಲಿ ಅಂಗಾತ ಮಲಗಿಸಿ ಕಾಲು ಕಟ್ಟಿದರೆ ಕೂಸು ಮೇಲಕ್ಕೆ ಹತ್ತಬೇಕಾ ಎಂದು ಅಮ್ಮನನ್ನು ಕೇಳಿದ್ದೂ ಆವತ್ತೇ. ಅಮ್ಮ ನಕ್ಕು ಸುಮ್ಮನಾಗಿದ್ದಳು. ಅವಳಿಗೆ ಆ ಮಾತು ಸರಿಯೆಂದೇ ಅನಿಸಿತ್ತು ಎಂದು ರಿಟೈರ್ ಆದ ಮೇಲೆ ಹೇಳಿದಳು.

ತಿಂಗಳ ಮೀಟಿಂಗಿನಲ್ಲಿ ಅವಳನ್ನು ನಿಲ್ಲಿಸಿ ಕೇಳಿದರಂತೆ, ಒಂದು ಸೀಸೆ ಎರಡೇ ಮಗುವಿಗೆ ಯಾಕೆ ಖರ್ಚಾಯಿತು ಎಂದು. ರಿಜಿಸ್ಟರಿನಲ್ಲಿ ಹಾಕಿದ ಎರಡು ಡೋಸಿಗೆ ಎರಡು ಗೆರೆ, ಚೆಲ್ಲಿದ ಎಂಟಕ್ಕೆ ಅರ್ಧ ಪುಟ ವಿವರಣೆ. ಕೇಳಿದವರು ಕೆಟ್ಟವರೇನಲ್ಲ. ಅವರಿಗೂ ಮೇಲಿನವರು ಕೇಳುತ್ತಾರೆ. ಹತ್ತರ ಸೀಸೆಯನ್ನು ಹತ್ತು ಮಕ್ಕಳಿರುವ ಊರಿಗೆ ಎಂದು ಮಾಡಿದ್ದಾರೆ. ಮೂರು ಸಾವಿರದ ಉಪಕೇಂದ್ರವನ್ನು ಮೂರು ಸಾವಿರ ಜನ ಒಂದೆಡೆ ಇರುತ್ತಾರೆಂದು ಮಾಡಿದ್ದಾರೆ. ಕಡಿಮೆ ಜನ ಇರುವ ಕಡೆಗೆ ಏನೇ ಕೊಟ್ಟರೂ ಅದು ಲೆಕ್ಕದ ಭಾಷೆಯಲ್ಲಿ ವೇಸ್ಟೇಜ್ ಆಗಿಯೇ ಕಾಣುತ್ತದೆ.

ಪರಿಶಿಷ್ಟ ಪಂಗಡ ಎಂಬ ಸರಾಸರಿ

ಇನ್ನೊಂದು ಲೆಕ್ಕವಿದೆ. ಇದನ್ನು ಹೇಳುವಾಗ ಸ್ವಲ್ಪ ಎಚ್ಚರವಾಗಿರಬೇಕು, ಯಾಕೆಂದರೆ ಜಾತಿಗಳನ್ನು ಒಂದರ ಮೇಲೊಂದು ಎತ್ತಿಕಟ್ಟಲು ಕಾಯುತ್ತಿರುವವರು ಬಹಳ ಜನ ಇದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ, ರಾಜ್ಯದ ಜನರಲ್ಲಿ ಶೇ 7ರಷ್ಟು. ಅದರಲ್ಲಿ ನಾಯಕ ಸಮುದಾಯವೊಂದೇ ಸುಮಾರು 33 ಲಕ್ಷ. ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲ ಎಂದು ಗುರುತಿಸಿರುವ 75 ಸಮುದಾಯಗಳಲ್ಲಿ ನಮ್ಮ ರಾಜ್ಯದವು ಎರಡು, ಜೇನುಕುರುಬ ಮತ್ತು ಕೊರಗ. ಜೇನುಕುರುಬರು 36 ಸಾವಿರದಷ್ಟು, ಕೊರಗರು 15 ಸಾವಿರಕ್ಕೂ ಕಡಿಮೆ. ಸೋಲಿಗರು, ಯರವರು, ಕಾಡುಕುರುಬರು, ಮಲೆಕುಡಿಯರು, ಹಸಲರು ಎಲ್ಲರೂ ಸಾವಿರಗಳ ಲೆಕ್ಕದವರೇ.

ಈಗ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವರದಿ ತೆಗೆಯಿರಿ. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದ ಮಕ್ಕಳಲ್ಲಿ ಇಷ್ಟು ಅಪೌಷ್ಟಿಕತೆ, ಹೆಂಗಸರಲ್ಲಿ ಇಷ್ಟು ರಕ್ತಹೀನತೆ ಎಂದು ಒಂದು ಅಂಕಿ ಕೊಟ್ಟಿರುತ್ತಾರೆ. ಆ ಅಂಕಿಯಲ್ಲಿ ಚಿತ್ರದುರ್ಗ, ಬಳ್ಳಾರಿ, ರಾಯಚೂರಿನ ಹಳ್ಳಿಗಳ ನಾಯಕರ ಬದುಕು ಇದೆ. ಅವರ ಕಷ್ಟ ಅವರದು, ಅದೂ ಸಣ್ಣದಲ್ಲ. ಆದರೆ ನಾಗರಹೊಳೆ ಕಾಡಿನ ಆದಿವಾಸಿ ಹಾಡಿಯ ಹೆಂಗಸು ಆ ಅಂಕಿಯಲ್ಲಿ ಎಲ್ಲಿದ್ದಾಳೆ? ನೂರರಲ್ಲಿ ಒಬ್ಬಳಾಗಿ ಕರಗಿಹೋಗಿದ್ದಾಳೆ. ಹಾಡಿಯ ಸ್ಥಿತಿ ನಾಳೆ ಎರಡು ಪಟ್ಟು ಕೆಟ್ಟರೂ ರಾಜ್ಯದ ಎಸ್‌ಟಿ ಸರಾಸರಿ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಇದು ಯಾರೋ ಮುಚ್ಚಿಟ್ಟಿದ್ದಲ್ಲ. ಸರಾಸರಿ ಇರುವುದೇ ಹಾಗೆ.

ವೈದ್ಯ ಅಭಯ್ ಬಂಗ್ ಅವರ ನೇತೃತ್ವದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮತ್ತು ಬುಡಕಟ್ಟು ವ್ಯವಹಾರಗಳ ಸಚಿವಾಲಯ ಸೇರಿ 2013ರಲ್ಲಿ ಒಂದು ತಜ್ಞರ ಸಮಿತಿ ಮಾಡಿದ್ದವು. 2018ರಲ್ಲಿ ಅದರ ವರದಿ ಬಂತು. ದೇಶದ ಜನರಲ್ಲಿ ಶೇ 8.6ರಷ್ಟಿರುವ ಆದಿವಾಸಿಗಳು ಮಲೇರಿಯಾ ಸಾವಿನಲ್ಲಿ ಅರ್ಧದಷ್ಟು ಪಾಲು ಹೊತ್ತಿದ್ದಾರೆ ಎಂಬಂಥ ಅಂಕಿಗಳು ಅದರಲ್ಲಿವೆ, ಪತ್ರಿಕೆಗಳೂ ಅದನ್ನೇ ಎತ್ತಿ ಬರೆದವು. ನನಗೆ ಅದಕ್ಕಿಂತ ಮುಖ್ಯ ಎನಿಸಿದ್ದು ಬೇರೆ. ಆದಿವಾಸಿಗಳೇ ಹೆಚ್ಚಿರುವ 809 ಬ್ಲಾಕುಗಳು ದೇಶದಲ್ಲಿವೆ, ಆದರೆ ಆದಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಆ ಬ್ಲಾಕುಗಳ ಹೊರಗೆ ಎಂದು ಆ ವರದಿ ಹೇಳುತ್ತದೆ. ನಮ್ಮವರು ಆ ಹೊರಗಿನವರು. ಕರ್ನಾಟಕದಲ್ಲಿ, ಆದಿವಾಸಿ ಪ್ರದೇಶಗಳಿಗೆ ವಿಶೇಷ ಆಡಳಿತ ಕೊಡುವ ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಪ್ರದೇಶವೇ ಇಲ್ಲ. ಬಸ್ತರಿಗೋ ಗಡ್ಚಿರೋಲಿಗೋ ಎಂದು ಮಾಡಿದ ಯೋಜನೆ ಅಲ್ಲಿ ಎಷ್ಟು ನಡೆಯಿತೋ ಬಿಟ್ಟಿತೋ, ಅದರ ನಕಾಶೆಯಲ್ಲಾದರೂ ಆ ಜಾಗ ಇದೆ. ಇಲ್ಲಿಯ ಪೋಡಿಗೆ ಬರುವಷ್ಟರಲ್ಲಿ ನಕಾಶೆಯ ಸ್ಕೇಲು ಮುಗಿದುಹೋಗಿರುತ್ತದೆ.

ಊಟದ ವಿಷಯ ಇಲ್ಲಿ ಬರಲೇಬೇಕು, ಬೇರೆ ಬರಹಕ್ಕೇ ಆಗುವಷ್ಟಿದೆ, ಚುಟುಕಾಗಿ ಹೇಳುತ್ತೇನೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮ ಆಯಿತು, ಕಾಡು ಸವರಿ ರಾಗಿ ಬಿತ್ತಿ ಜಾಗ ಬದಲಿಸುತ್ತಿದ್ದ ಬೇಸಾಯ ನಿಂತಿತು. ನೆಲದ ಒಣ ಎಲೆ ಸುಡುವ ತರಗು ಬೆಂಕಿ ಹಾಕುವಂತಿಲ್ಲ ಎಂದಾಯಿತು. ಲಾಂಟಾನ ಎಂಬ ಕಳೆ ಮೇಲೆದ್ದಿತು, ಗೆಣಸು ಅಗೆಯುತ್ತಿದ್ದ ಜಾಗಗಳು ಅದರ ಪೊದೆಯ ಅಡಿಗೆ ಹೋದವು. 2006ರಲ್ಲಿ ಕಿರು ಅರಣ್ಯ ಉತ್ಪನ್ನ ಮಾರುವುದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಹುಲಿ ರಕ್ಷಿತಾರಣ್ಯ ಎಂದು ಘೋಷಣೆಯಾಯಿತು, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಪೋಡುಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಇಷ್ಟರ ನಡುವೆ ತಟ್ಟೆಗೆ ಬಂದಿದ್ದು ಸೊಸೈಟಿ ಅಕ್ಕಿ. ಈಗ ಸರ್ಕಾರ ಕಾಳು, ಬೆಲ್ಲ, ಮೊಟ್ಟೆ, ತುಪ್ಪ ಇರುವ ಪೌಷ್ಟಿಕ ಆಹಾರದ ಕಿಟ್ ಕೊಡುತ್ತಿದೆ. ಒಳ್ಳೆಯದೇ, ನಾನು ಕಂಡ ಹಾಗೆ ಜನ ಅದನ್ನು ಕಾಯುತ್ತಾರೆ ಕೂಡ. ಆದರೆ ಒಂದು ಇಲಾಖೆ ಕಿತ್ತುಕೊಂಡ ಊಟವನ್ನು ಇನ್ನೊಂದು ಇಲಾಖೆ ಚೀಲದಲ್ಲಿ ತಂದುಕೊಟ್ಟು, ಮೂರನೆಯ ಇಲಾಖೆ ಹಿಮೋಗ್ಲೋಬಿನ್ ನೋಡಿ, ಯಾಕಮ್ಮಾ ಸೊಪ್ಪುಸದೆ ತಿನ್ನಲ್ವಾ ಎಂದು ಗದರುವುದನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕಾರ್ಡು

ಕುಡಗೋಲು ಕಣ ರೋಗ, ಎಲ್ಲರೂ ಸಿಕಲ್ ಸೆಲ್ ಅಂತಲೇ ಅನ್ನುತ್ತಾರೆ. ದೇಶದಲ್ಲಿ ಅದು ಮೊದಲು ಪತ್ತೆಯಾಗಿದ್ದು 1952ರಲ್ಲಿ, ಇಲ್ಲೇ ಪಕ್ಕದ ನೀಲಗಿರಿ ಬೆಟ್ಟದ ಬುಡಕಟ್ಟು ಜನರಲ್ಲಿ. ಅಪ್ಪ ಅಮ್ಮ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ರೋಗವಿಲ್ಲದೆ ಅದರ ಅಂಶ ಹೊತ್ತವರಾದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಕೂಸಿಗೆ ರೋಗವೇ ಬರುವ ಸಾಧ್ಯತೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಂಡು ಮೂಳೆ ಕೀಲುಗಳಲ್ಲಿ ತಡೆಯಲಾರದ ನೋವು ಕೊಡುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಪ್ರಧಾನಿ ರಾಷ್ಟ್ರೀಯ ಅಭಿಯಾನಕ್ಕೆ ಚಾಲನೆ ಕೊಟ್ಟರು. 17 ರಾಜ್ಯ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳೂ ಅದರಲ್ಲಿವೆ.

ತಪಾಸಣೆ ಮಾಡಿದವರಿಗೆ ಒಂದು ಕಾರ್ಡು ಕೊಡುತ್ತಾರೆ. ಹುಡುಗ ಹುಡುಗಿಯ ಕಾರ್ಡನ್ನು ಒಂದರ ಮೇಲೊಂದು ಇಟ್ಟರೆ ಹುಟ್ಟುವ ಮಕ್ಕಳಿಗೆ ರೋಗ ಬರಬಹುದೇ ಎಂದು ತಿಳಿಯುವ ಹಾಗೆ ಅದನ್ನು ಮಾಡಿದ್ದಾರೆ. ಮದುವೆಗೆ ಮುಂಚೆ ಜಾತಕ ನೋಡುವ ಹಾಗೆ ಇದನ್ನು ನೋಡಲಿ ಎಂಬುದು ಲೆಕ್ಕಾಚಾರ. ಜಾಣತನವೇ. ಆದರೆ ಜಾತಕ ನೋಡಿ ಮದುವೆ ಮಾಡುವ ಜನ ಬೇರೆ. ಸೋಲಿಗರಲ್ಲಿ ಕುಲ ಬೇರೆಬೇರೆಯಾಗಿದ್ದರೆ ಆಯಿತು, ಹುಡುಗ ಹುಡುಗಿ ಒಪ್ಪಿ ಕಾಡಿಗೆ ಓಡಿಹೋಗಿ, ಕೆಲವು ದಿನ ಬಿಟ್ಟು ಬಂದರೆ ಯಜಮಾನರು ತಪ್ಪುಕಾಣಿಕೆ ಹಾಕಿ ಒಳಗೆ ಮಾಡಿಕೊಳ್ಳುವುದು ಹಿಂದಿನಿಂದ ಇದ್ದದ್ದೇ. ಓಡಿಹೋಗುವವರು ಕಾರ್ಡು ತಗೊಂಡು ಹೋಗುತ್ತಾರೆಯೇ? ಶಿಬಿರವೊಂದರಲ್ಲಿ ಅಜ್ಜಿಯೊಬ್ಬಳು ಮೊಮ್ಮಗಳ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, 'ಇದ್ಕೆ ಏನ್ ಕೊಟ್ಟಾರವ್ವ?' ಎಂದು ಕೇಳಿದಳು. ಅಲ್ಲಿದ್ದವರು ನಕ್ಕರು. ಅವಳ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಇಲ್ಲಿಯವರೆಗೆ ಅವಳ ಕೈಗೆ ಬಂದ ಒಂದೊಂದು ಕಾರ್ಡಿಗೂ ಏನಾದರೊಂದು ಬರುತ್ತಿತ್ತು.

ಏನು ಬರುತ್ತದೆ ಎಂಬುದಕ್ಕೆ ನನಗೆ ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ನಾನಿರುವ ನಗರದ ಒಂದು ದೊಡ್ಡ ಆಸ್ಪತ್ರೆ. ರಾತ್ರಿ ಅಮ್ಮನ ಫೋನ್, 'ನಮ್ಮ ಪೋಡಿನ ಹುಡುಗೀನ ಅಲ್ಲಿಗೆ ರೆಫರ್ ಮಾಡವ್ರಂತೆ, ಹೋಗಿ ನೋಡ್ಕಂಡ್ ಬಾ.' ರಿಟೈರ್ ಆಗಿ ಎಷ್ಟು ವರ್ಷ ಆದರೂ ಅವಳಿಗೆ ಅದು ನಮ್ಮ ಪೋಡು. ಹೋದಾಗ ಕ್ಯಾಶುವಾಲಿಟಿಯಲ್ಲಿ ಹುಡುಗಿ ಸ್ಟ್ರೆಚರಿನ ಮೇಲೆ ಮೊಣಕಾಲು ಎದೆಗೆ ಅವುಚಿಕೊಂಡು ಮಲಗಿದ್ದಳು. ಅವಳ ಅವ್ವ ಗೋಡೆಗೊರಗಿ ನೆಲದ ಮೇಲೆ ಕೂತು ಒಂದು ಪ್ಲಾಸ್ಟಿಕ್ ಕವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಡ್ಯೂಟಿಯಲ್ಲಿದ್ದವರು ಕೇಳುತ್ತಿದ್ದರು, ಎಲ್ಲಿ ನೋವು? ಮೈಯೆಲ್ಲ. ಮೈಯೆಲ್ಲ ಅಂದ್ರೆ ಎಲ್ಲಿ, ಸರಿಯಾಗಿ ಹೇಳು. ಹುಡುಗಿ ಬಾಯಿ ಬಿಡಲಿಲ್ಲ. ಏನ್ ತಿಂದೆ ರಾತ್ರಿ? ಗ್ಯಾಸ್ಟ್ರಿಕ್ ಇರ್ಬೇಕು, ಒಂದು ಇಂಜೆಕ್ಷನ್ ಹಾಕಿ ಕೂರ್ಸಿ. ಪಕ್ಕದ ಮಂಚದ ಶಾಲು ಹೊದ್ದ ಹೆಂಗಸಿಗೆ ಅದೇ ಬಾಯಿಂದ ಬನ್ನಿ, ಕೂತ್ಕೊಳ್ಳಿ ಎಂಬ ಮಾತು ಬರುತ್ತಿತ್ತು. ಇದು ಯಾರೂ ಕಂಪ್ಲೇಂಟ್ ಕೊಡದ ಸಂಗತಿ. ಆದರೆ ಪೋಡಿನವರು ಆಸ್ಪತ್ರೆಗೆ ಯಾಕೆ ಕಡೇ ಗಳಿಗೆವರೆಗೆ ಬರುವುದಿಲ್ಲ ಎಂದು ಸೆಮಿನಾರು ಮಾಡುವವರು ಕ್ಯಾಶುವಾಲಿಟಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಬಂದರೆ ಸಾಕು.

ನಾನು ಅವ್ವನ ಕೈಯ ಕವರು ಬಿಚ್ಚಿಸಿದೆ. ಆಧಾರ್, ರೇಷನ್ ಕಾರ್ಡು, ಯಾವುದೋ ಹಳೆಯ ಎಕ್ಸ್‌ರೇ ಚೀಟಿ, ಅದರ ಮಧ್ಯೆ ಸಿಕಲ್ ಸೆಲ್ ಕಾರ್ಡು, ರೋಗ ಇದೆ ಎಂದು ಬರೆದದ್ದು. ಅದನ್ನು ಕೇಳಿದವರೂ ಇಲ್ಲ, ತೋರಿಸಬೇಕೆಂದು ಇವರಿಗೆ ಹೇಳಿದವರೂ ಇಲ್ಲ. ಹೌಸ್ ಸರ್ಜನ್ ಹುಡುಗನೊಬ್ಬ ಓದಿ ನೋಡಿ ಗಾಬರಿಯಾದ. ಡ್ರಿಪ್ ಹಾಕಿಸಿದ, ಆಕ್ಸಿಜನ್ ನೋಡಿದ, ಸೀನಿಯರಿಗೆ ಫೋನ್ ಮಾಡಿ ನೋವಿಗೆ ಗಟ್ಟಿ ಔಷಧ ಕೊಡಿಸಿದ. ಆಮೇಲೆ ನನ್ನ ಹತ್ತಿರ ಬಂದು, 'ಮೇಡಂ, ಪರೀಕ್ಷೆಗೆ ಓದಿದ್ದೆ. ಪೇಷಂಟ್ ನೋಡಿದ್ದು ಇದೇ ಮೊದಲು' ಎಂದ. ಅವನ ಪ್ರಾಮಾಣಿಕತೆ ಇಷ್ಟವಾಯಿತು. ಈ ರೋಗದ ಜನ ಇರುವ ಕಾಡು ಅವನ ಆಸ್ಪತ್ರೆಯಿಂದ ಬಸ್ಸಿನಲ್ಲಿ ಕೆಲವೇ ಗಂಟೆ ದಾರಿ.

ಹುಡುಗಿ ಸುಧಾರಿಸಿಕೊಂಡಳು. ಹೈಡ್ರಾಕ್ಸಿಯೂರಿಯ ಮಾತ್ರೆ ಬರೆದುಕೊಟ್ಟರು. ಅದನ್ನು ದಿನವೂ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಬಿಟ್ಟರೆ ನೋವು ಮತ್ತೆ. ಅಂದರೆ ತಿಂಗಳು ತಿಂಗಳೂ ಪೋಡಿನಿಂದ ಹೊರಟು ಮಾತ್ರೆ ಇರುವ ಆಸ್ಪತ್ರೆ ಮುಟ್ಟಬೇಕು, ಆ ದಿನದ ಕೂಲಿ ಬಿಡಬೇಕು, ಬಸ್ಸಿಗೆ ಹಾಕಬೇಕು, ಸಂಜೆ ಗೇಟು ಮುಚ್ಚುವುದರೊಳಗೆ ವಾಪಸಾಗಬೇಕು. ಡಿಸೆಂಬರ್ ಬಂದರೆ ಅವಳ ಮನೆಯವರೆಲ್ಲ ಕೊಡಗಿಗೆ ಕಾಫಿ ಕೊಯ್ಲಿಗೆ ಹೋಗುತ್ತಾರೆ, ಲೈನ್ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಅಲ್ಲಿಯ ಎಎನ್‌ಎಂ ಪಟ್ಟಿಯಲ್ಲಿ ಅವಳ ಹೆಸರಿಲ್ಲ, ಇಲ್ಲಿಯ ಪಟ್ಟಿಯಲ್ಲಿ ಇದ್ದೂ ಅವಳಿಲ್ಲ. ಅಭಿಯಾನದ ಪೋರ್ಟಲಿನಲ್ಲಿ ಅವಳು ತಪಾಸಣೆಯಾದ ಒಂದು ತಲೆ. ಎಷ್ಟು ಜನರ ತಪಾಸಣೆ ಆಯಿತು ಎಂದು ಮೀಟಿಂಗುಗಳಲ್ಲಿ ಕೇಳುತ್ತಾರೆ, ನ್ಯಾಯವೇ. ಆರು ತಿಂಗಳು ಬಿಡದೆ ಮಾತ್ರೆ ನುಂಗಿದವರು ಎಷ್ಟು ಜನ ಎಂಬ ಪ್ರಶ್ನೆಯನ್ನೂ ಅದೇ ಗಂಟಲಿನಲ್ಲಿ ಕೇಳುವ ದಿನ ನನಗೆ ಈ 2047ರ ಮೇಲೆ ನಂಬಿಕೆ ಬರುತ್ತದೆ.

ಬೆಟ್ಟದ ಹುಡುಗಿಯರು

ಆಗುವುದೇ ಇಲ್ಲ ಎಂದೇನೂ ಅಲ್ಲ. ಇದೇ ಬೆಟ್ಟದಲ್ಲಿ ಆಗಿದೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು, ಯಳಂದೂರಿನಲ್ಲಿ ಕುಷ್ಠರೋಗ ವಿಪರೀತವಾಗಿದ್ದಾಗ 1986ರಲ್ಲಿ ಕರುಣಾ ಟ್ರಸ್ಟ್ ಶುರುವಾಗಿದ್ದು, 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪಿಎಚ್‌ಸಿಯನ್ನು ಅದು ನಡೆಸಲು ವಹಿಸಿಕೊಂಡಿದ್ದು, ಇವೆಲ್ಲ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಥೆ. ಪ್ರಶಸ್ತಿಗಳೂ ಬಂದವು. ನನ್ನಮ್ಮ ಮಾತ್ರ ಡಾಕ್ಟರ ವಿಷಯಕ್ಕಿಂತ ಹೆಚ್ಚು ಮಾತಾಡುವುದು ಬೇರೆ ಒಂದರ ಬಗ್ಗೆ. ಅಲ್ಲಿ ಸೋಲಿಗರ ಹುಡುಗಿಯರಿಗೇ ಎಎನ್‌ಎಂ ತರಬೇತಿ ಕೊಟ್ಟು ಬೆಟ್ಟದ ಉಪಕೇಂದ್ರಗಳಿಗೆ ಹಾಕಿದರು. 'ನಾನು ಹೋದ್ರೆ ಅತಿಥಿ, ಅವಳು ಹೋದ್ರೆ ಮನೆ ಮಗಳು' ಎನ್ನುತ್ತಾಳೆ ಅಮ್ಮ. ಯಾವ ವಾರ ಯಾರು ಜೇನಿಗೆ ಹೋಗುತ್ತಾರೆ, ಯಾವ ಬಾಣಂತಿಯ ಅತ್ತೆಯ ಬಾಯಿ ಜೋರು, ಯಾರ ಹಟ್ಟಿಯಲ್ಲಿ ಕುಡಿತ ಹೆಚ್ಚಾಗಿದೆ, ಇದನ್ನೆಲ್ಲ ಯಾವ ರಿಜಿಸ್ಟರಿನಿಂದಲೂ ತಿಳಿಯಬೇಕಾಗಿರಲಿಲ್ಲ ಆ ಹುಡುಗಿಯರಿಗೆ. ಲಸಿಕೆಗೆಂದು ಹೋದವಳು ರಾತ್ರಿ ಅಲ್ಲೇ ಉಳಿದು, ನೆಲ್ಲಿಕಾಯಿಗೆ ಹೋದವರು ಬಂದ ಮೇಲೆ ಕೂಸುಗಳಿಗೆ ಚುಚ್ಚಿ ಬರುತ್ತಿದ್ದಳು. ಗೇಟಿನ ಚಿಂತೆ ಅವಳಿಗಿರಲಿಲ್ಲ, ಅವಳ ಮನೆಯೇ ಗೇಟಿನ ಒಳಗಿತ್ತು.

ಇದನ್ನು ಹೊಗಳಿ ಮುಗಿಸುವುದು ಸುಲಭ. ನನಗೆ ಒಂದು ಅಸಮಾಧಾನವೂ ಇದೆ. ಬೆಟ್ಟಕ್ಕೊಬ್ಬ ಸುದರ್ಶನ್, ಸರಗೂರಿಗೊಂದು ವಿವೇಕಾನಂದ ಯೂತ್ ಮೂವ್‌ಮೆಂಟ್ ಸಿಕ್ಕಿದ್ದು ಆ ಬೆಟ್ಟದ, ಆ ಊರಿನ ಅದೃಷ್ಟ. ಅವರು ಮಾಡಿ ತೋರಿಸಿದ್ದನ್ನು ಸರ್ಕಾರ ತನ್ನ ನಿಯಮವಾಗಿ ಬರೆದುಕೊಳ್ಳಬೇಕಿತ್ತು. ಬದಲಿಗೆ ಅಲ್ಲಿ ಅವರಿದ್ದಾರಲ್ಲ ಎಂದು ನಿಶ್ಚಿಂತೆಯಾಯಿತು. ಅಂಥವರು ಸಿಗದ ಮಲೆ ಮಹದೇಶ್ವರ ಬೆಟ್ಟದ ಒಳಹಳ್ಳಿ, ಕುಂದಾಪುರದ ಕೊರಗರ ಕೊಪ್ಪ ಏನು ಮಾಡಬೇಕು?

ನಿಯಮ ಬದಲಿಸುವುದು ಅಸಾಧ್ಯವಲ್ಲ. ಗುಡ್ಡಗಾಡು, ಮರಳುಗಾಡಿನಲ್ಲಿ ತಲೆ ಎಣಿಕೆ ಬಿಟ್ಟು ಸಮಯ ನೋಡಬಹುದು, ವಾಸಸ್ಥಳದಿಂದ ಅರ್ಧ ಗಂಟೆ ನಡಿಗೆಯೊಳಗೆ ಉಪಕೇಂದ್ರ ಇರಬಹುದು ಎಂದು ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ. ಕಾಡಿನಲ್ಲಿ ಅರ್ಧ ಗಂಟೆ ಎಂದರೆ ಆನೆ ಇಲ್ಲದ ದಿನದ ಅರ್ಧ ಗಂಟೆ, ಅದಿರಲಿ. ಆ ಸಾಲನ್ನೊಂದು ಹಿಡಿದುಕೊಂಡರೂ ಪಟ್ಟಿಯ ಕಡೆಯಲ್ಲಿರುವ ಹೆಸರುಗಳು ಮೇಲಕ್ಕೆ ಬರುತ್ತವೆ. ಆ 75 ದುರ್ಬಲ ಸಮುದಾಯಗಳಿಗೆಂದು 2023ರ ನವೆಂಬರಿನಲ್ಲಿ ಶುರುವಾದ ಪಿಎಂ ಜನ್‌ಮನ್ ಯೋಜನೆಯಲ್ಲಿ ಜೇನುಕುರುಬರ ಹಾಡಿಗೆ, ಕೊರಗರ ಕಾಲೊನಿಗೆ ಸಂಚಾರಿ ಆರೋಗ್ಯ ಘಟಕದ ವ್ಯಾನು ಬರುತ್ತದೆ. ಬರಲಿ. ಆದರೆ ವ್ಯಾನು ಬರುವುದು ಹಗಲು, ಜ್ವರ ಏರುವುದು ರಾತ್ರಿ. ಸೋಲಿಗರು ಆ 75ರ ಪಟ್ಟಿಯಲ್ಲೂ ಇಲ್ಲ.

ಇನ್ನು ನೇಮಕಾತಿ. ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ರಾಜ್ಯ 2022ರಲ್ಲಿ ಶೇ 3ರಿಂದ 7ಕ್ಕೆ ಏರಿಸಿತು. ಆ ಶೇ 7ರ ಒಳಗೆ ಪೋಡಿನ ಆಶ್ರಮ ಶಾಲೆಯಲ್ಲಿ ಓದಿ ಹೇಗೋ ನರ್ಸಿಂಗ್ ಮುಗಿಸಿದ ಹುಡುಗಿ ಸ್ಪರ್ಧಿಸಬೇಕಾದದ್ದು ನಗರದಲ್ಲಿ ಕೋಚಿಂಗ್ ತಗೊಂಡವರ ಜೊತೆಗೆ. ಮತ್ತೆ ಅದೇ 42 ಲಕ್ಷದ ಸರಾಸರಿ. ಪೋಡಿಗೆ ಪೋಡಿನವಳೇ ಬೇಕು ಎಂಬುದು ಅರ್ಹತೆಯ ಕಲಂನಲ್ಲಿ ಎಲ್ಲೂ ಬರುವುದಿಲ್ಲ. ಅಂಥ ಒಬ್ಬಳು ನನಗೆ ಗೊತ್ತು, ಅಮ್ಮನ ಹಳೆಯ ದಾರಿಯ ಒಂದು ಪೋಡಿನವಳು. ಜಿಎನ್‌ಎಂ ನರ್ಸಿಂಗ್ ಮಾಡಿ ಈಗ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ, ಪಿಜಿಯಲ್ಲಿ ನಾಲ್ವರ ಜೊತೆ ಒಂದು ರೂಮು. ನಿಮ್ಮ ಕಡೆಯೇ ಕೆಲಸ ಸಿಕ್ಕರೆ ಹೋಗುತ್ತೀಯಾ ಎಂದು ಕೇಳಿದೆ. 'ಇದಕ್ಕಿಂತ ಐದು ಸಾವಿರ ಕಡಿಮೆ ಕೊಟ್ರೂ ಹೋಯ್ತೀನಿ ಅಕ್ಕ. ಒಂದು ಕ್ವಾರ್ಟರ್ಸು ಬೇಕು, ಫ್ರಿಜ್ಜಿಗೆ ಕರೆಂಟು ಬೇಕು, ಅಷ್ಟೇಯ' ಎಂದಳು. ನಿಮ್ಮ ಪೋಡಿಗೆ ಹುದ್ದೆ ಮಂಜೂರಾಗುವುದು ಕಷ್ಟ ಕಣೇ, ಅದಕ್ಕೆ ಮೂರು ಸಾವಿರ ಜನಸಂಖ್ಯೆ ಬೇಕಾಗುತ್ತದೆ ಎಂದು ನಾನು ವಿವರಿಸಲು ಹೊರಟೆ. ಅವಳು ಪೂರ್ತಿ ಕೇಳಿಸಿಕೊಂಡು, 'ನಮ್ಮಲ್ಲಿ ಈಗ ನೂರಾ ಹನ್ನೆರಡು ಜನ ಅವ್ರೆ. ಉಳಿದಿದ್ದಕ್ಕೆ ಆನೆಗಳನ್ನ ಸೇರಿಸ್ಕಂಡ್ರೆ ಆಯ್ತದಾ?' ಎಂದು ನಕ್ಕಳು.